ಶ್ರುತಿ ಕೂಡಿಸುವ ಹಿತ್ತಾಳೆ ತಿರುಪು

ಪರಸ್ಥಳದಲ್ಲಿ ಸಂಸಾರ ಹೂಡಿದ ಕನ್ನಡಿಗರ ಮನೆಗಳಲ್ಲಿ ಒಂದು ಹಳೆಯ ತಗಡಿನ ಡಬ್ಬಿ ಇದ್ದೇ ಇರುತ್ತದೆ. ಅದರೊಳಗಿನ ಬಿಸ್ಕೀಟು ಮುಗಿದು ಎಷ್ಟೋ ವರ್ಷಗಳಾಗಿರುತ್ತವೆ. ಈಗ ಅದರಲ್ಲಿ ಮೊಳೆ, ಕೊಕ್ಕೆ, ಮುರಿದ ಬೀಗದ ಕೈ, ಯಾವುದೋ ಕಾಲದ ಕೈಗಡಿಯಾರದ ಪಟ್ಟಿ ಮುಂತಾದುವು ಒಂದರೊಡನೊಂದು ಹೊಂದಿಕೊಂಡು ವಾಸವಾಗಿರುತ್ತವೆ. ಮನೆ ಬದಲಾಯಿಸುವಾಗಲೆಲ್ಲ ‘ಇದನ್ನು ಎಸೆಯೋಣ’ ಎಂಬ ಮಾತು ಬರುತ್ತದೆ. ಡಬ್ಬಿ ಮಾತ್ರ ನಮ್ಮ ಜೊತೆಗೇ ಬರುತ್ತದೆ. ನಮ್ಮ ಮನೆಯ ಡಬ್ಬಿಯಲ್ಲಿ ಬೆರಳುದ್ದದ ಒಂದು ಹಿತ್ತಾಳೆ ಬೋಲ್ಟು ಇದೆ. ನಮ್ಮ ಮಕ್ಕಳಿಗೆ ಅದೊಂದು ಗುಜರಿ ಸಾಮಾನು. ನಮಗೆ ಹಾಗಲ್ಲ. ಪುಣೆಯ ಮನೆಯೊಳಗೆ ಧಾರವಾಡದ ದನಿಯನ್ನು ತಂದುಕೊಟ್ಟ ಬೋಲ್ಟು ಅದು.

ಆ ಕಥೆಯನ್ನೂ, ಸುರುಳಿ ಸುತ್ತಿದ ತಂತಿಯೊಳಗೆ ಹಿತ್ತಾಳೆ ಮಾಡುವ ಕೆಲಸವನ್ನೂ ವಾಚಕರ ಮುಂದಿಡಬೇಕೆಂದು ಬಹುದಿನಗಳ ಆಸೆ. ರೇಡಿಯೋ ವಿಷಯವೆಂದು ಗೃಹಿಣಿಯರು ಪುಟ ಮಗುಚದಿರಲಿ. ಇದರ ಅರ್ಧ ಭಾಗ ಅಡಿಗೆಮನೆಯಲ್ಲೇ ತಿಳಿಯುವಂಥದು.

ಧಾರವಾಡ ಬರವಲ್ದು

೧೯೮೨ನೆಯ ಇಸವಿ. ಪೋಸ್ಟಾಫೀಸಿಗೆ ಹೋಗಿ ರೇಡಿಯೋ ಲೈಸೆನ್ಸಿನ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ ಕಾಲ. ತಂದೆಯವರು ತೀರಿಕೊಂಡ ಮೇಲೆ ಅವ್ವ ಊರಿನ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದಿದ್ದರು. ಜೊತೆಗೆ ತಂದದ್ದು ಎರಡು ಟ್ರಂಕು, ಒಂದು ರೊಟ್ಟಿ ತಟ್ಟುವ ಕೊಣಮಿಗೆ, ತಂದೆಯವರ ಹಳೆಯ ವಾಲ್ವ್ ರೇಡಿಯೋ. ಪುಣೆಯ ಪೇಟೆಯಲ್ಲಿ ಅವರಿಗೆ ಮಾತಿನ ಜೊತೆ ಇರಲಿಲ್ಲ. ಮರಾಠಿ ಕಿವಿಗೆ ಬಿದ್ದರೂ ನಾಲಿಗೆಗೆ ಬಾರದು. ನಾವು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರುವವರು. ಹೀಗಾಗಿ ಸಂಜೆಯ ಧಾರವಾಡ ಆಕಾಶವಾಣಿ ಒಂದೇ ಅವರ ತೌರಿನ ನಂಟಾಯಿತು.

ಆದರೆ ಆ ನಂಟಿಗೊಂದು ಅಡ್ಡಿಯಿತ್ತು. ಧಾರವಾಡ ೭೬೫ ಕಿಲೋಹರ್ಟ್ಜ್‌ನಲ್ಲಿ, ಪುಣೆ ೭೯೨ರಲ್ಲಿ. ಎರಡಕ್ಕೂ ನಡುವಿನ ಅಂತರ ೨೭ ಕಿಲೋಹರ್ಟ್ಜ್ ಮಾತ್ರ. ದೂರದ ಧಾರವಾಡ ಪಿಸುಗುಡುತ್ತಿದ್ದರೆ, ಊರೊಳಗಿನ ಪುಣೆ ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಮಾತನಾಡುತ್ತಿತ್ತು. ತಪ್ಪು ಪುಣೆಯದಲ್ಲ, ನಮ್ಮ ಮುದಿ ರೇಡಿಯೋವಿಗೆ ಅವೆರಡನ್ನೂ ಬೇರೆ ಮಾಡುವ ಶಕ್ತಿ ಸಾಲದು. ಒಂದು ಸಂಜೆ ಅವ್ವ ಬೇಸತ್ತು, “ಏನಪಾ, ಧಾರವಾಡ ಹಚ್ಚಿದರ ನಿನ್ನ ರೇಡಿಯೋ ಮರಾಠಿ ಮಾತಾಡತೈತಿ. ಇರಲಿ ಬಿಡು, ಬಂದ ಮಾಡು” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಆ ‘ಇರಲಿ ಬಿಡು’ ನಮ್ಮನ್ನು ಚುಚ್ಚಿತು.

ಅಡ್ಡಗೋಡೆ ಕಟ್ಟುವ ಪ್ರಯತ್ನ

ರೇಡಿಯೋ ಹವ್ಯಾಸದ ಪುಸ್ತಕಗಳಲ್ಲಿ ‘ವೇವ್ ಟ್ರ್ಯಾಪ್’ ಎಂಬ ಸುಲಭದ ಉಪಾಯವನ್ನು ಓದಿದ್ದೆವು. ಒಂದು ತಂತಿಸುರುಳಿ, ಅದರ ಎರಡೂ ತುದಿಗಳಿಗೆ ಅಡ್ಡಲಾಗಿ ಒಂದು ಕಂಡೆನ್ಸರ್, ಇಷ್ಟೇ. ಮಾಳಿಗೆಯಿಂದ ಬರುವ ಏರಿಯಲ್ ತಂತಿಗೂ ರೇಡಿಯೋಕ್ಕೂ ನಡುವೆ ಇದನ್ನು ಸೇರಿಸಬೇಕು. ಸುರುಳಿ ಮತ್ತು ಕಂಡೆನ್ಸರುಗಳ ಜೋಡಿಗೆ ತನ್ನದೇ ಆದ ಒಂದು ಶ್ರುತಿಯುಂಟು. ಆ ಶ್ರುತಿಗೆ ಸರಿಹೊಂದುವ ಕೇಂದ್ರವನ್ನು ಅದು ಬಾಗಿಲಲ್ಲೇ ತಡೆದು, ಉಳಿದವನ್ನು ಒಳಗೆ ಬಿಡುತ್ತದೆ. ೭೯೨ಕ್ಕೆ ಶ್ರುತಿ ಕೂಡಿಸಿದರೆ ಪುಣೆ ತಗ್ಗಬೇಕು, ಧಾರವಾಡ ಉಳಿಯಬೇಕು.

ತಪಕೀರ್ ಗಲ್ಲಿಗೆ ಹೋಗಿ ೨೮ನೆಯ ನಂಬರಿನ ಎನಾಮೆಲ್ ತಂತಿಯನ್ನೂ ೨೨೦ ಪಿಕೋಫ್ಯಾರಡ್ ಕಂಡೆನ್ಸರನ್ನೂ ತಂದೆವು. ಒಂದಂಗುಲ ವ್ಯಾಸದ ರಟ್ಟಿನ ಕೊಳವೆಯ ಮೇಲೆ ೧೪೦ ಸುತ್ತು ಸುತ್ತಬೇಕೆಂದು ಲೆಕ್ಕ ಹಾಕಿದ್ದಾಗಿತ್ತು. ಸುತ್ತುತ್ತಿರುವಾಗ ಅವ್ವ ಊಟಕ್ಕೆ ಕರೆದರು. ಎದ್ದು ಹೋಗಿ ಬಂದು ಮತ್ತೆ ಸುತ್ತಿದೆವು. ನಲವತ್ತನೆಯ ಸುತ್ತಿನಲ್ಲಿ ಏರಿಯಲ್ಲಿಗಾಗಿ ಒಂದು ಕವಲು ತೆಗೆದಿದ್ದೆವು. ಕೊನೆಗೆ ತಂತಿ ಸಡಿಲವಾಗದಿರಲೆಂದು ಮೇಣವನ್ನೂ ಹಚ್ಚಿದೆವು.

ಸಂಜೆ ಹೆಮ್ಮೆಯಿಂದ ಜೋಡಿಸಿ ರೇಡಿಯೋ ಹಚ್ಚಿದರೆ ಪುಣೆ ಮೊದಲಿನಂತೆಯೇ ಗಟ್ಟಿಯಾಗಿದೆ, ಧಾರವಾಡ ಮಾತ್ರ ನಿರ್ನಾಮ! ಆಮೇಲೆ ಭೂತಗನ್ನಡಿ ಹಿಡಿದು ಎಣಿಸಿದಾಗ ೧೫೦ ಸುತ್ತುಗಳಿದ್ದುವು. ಊಟದ ಗಡಿಬಿಡಿಯಲ್ಲಿ ಹತ್ತು ಸುತ್ತು ಹೆಚ್ಚಾಗಿ, ಸುರುಳಿಯ ಶ್ರುತಿ ೭೯೨ರಿಂದ ಇಳಿದು ಸರಿಯಾಗಿ ೭೬೫ರ ಬಳಿ ಕೂತಿತ್ತು. ನಾವು ಗೋಡೆ ಕಟ್ಟಿದ್ದು ಪುಣೆಯ ಮುಂದಲ್ಲ, ಧಾರವಾಡದ ಮುಂದೆ! ಮೇಣ ಹಚ್ಚಿದ ಸಣ್ಣ ತಂತಿಯನ್ನು ಬಿಚ್ಚಹೋದರೆ ಹರಿಯುವ ಭಯ. ಬಿಚ್ಚಿದರೂ ಒಂದು ಸುತ್ತಿಗೆ ಸುಮಾರು ೩ ಕಿಲೋಹರ್ಟ್ಜ್ ಹಾರುತ್ತದೆ. ಬೇಕಾದ ಜಾಗಕ್ಕೆ ನಿಖರವಾಗಿ ಬಂದು ನಿಲ್ಲುವ ಭರವಸೆಯಿಲ್ಲ.

ಕಬ್ಬಿಣದ ಬೋಲ್ಟನ್ನು ಕೊಳವೆಯೊಳಗೆ ತೂರಿಸಿ ನೋಡಿದೆವು. ಈಗ ಧಾರವಾಡ ಮರಳಿತು, ಆದರೆ ಪುಣೆಯೂ ಮೊದಲಿನ ಅಬ್ಬರದೊಡನೆಯೇ ಬಂತು. ಗೋಡೆಯೇ ಕುಸಿದುಬಿದ್ದಂತಾಯಿತು. ಟ್ರ್ಯಾಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮಾಮಾ ಕೊಟ್ಟ ಸೂತ್ರ

ಆ ಭಾನುವಾರ ನಮ್ಮ ಸೋದರಮಾವ ಬಂದರು. ತರುಣರಾಗಿದ್ದಾಗ ಸೈನ್ಯದಲ್ಲಿ ವೈರ್‌ಲೆಸ್ ಯಂತ್ರಗಳ ದುರಸ್ತಿ ಮಾಡಿದ್ದವರು. ಆಮೇಲೆ ಪುಣೆಯ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದರು. ನಮ್ಮ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ, “ಕಬ್ಬಿಣ ತಗಿ. ಹಿತ್ತಾಳಿ ಹಾಕಿ ನೋಡು” ಎಂದರು. ಚಹಾ ಕುಡಿಯುವ ತನಕ ಇನ್ನೊಂದು ಮಾತಾಡಲಿಲ್ಲ.

ಡಬ್ಬಿಯಲ್ಲಿದ್ದ ಕಾಲಂಗುಲ ದಪ್ಪದ ಹಿತ್ತಾಳೆ ಬೋಲ್ಟನ್ನು ಮೊದಲು ಹಾಕಿದೆವು. ಒಳಗೆ ಹೋದಂತೆಲ್ಲ ಪುಣೆ ತಗ್ಗುತ್ತ ಬಂತು. ಆದರೆ ಪೂರಾ ಒಳಗೆ ಹೋದರೂ ಇನ್ನೂ ಸ್ವಲ್ಪ ಸಾಲದಾಯಿತು. ಮಾಮಾ ಮರುದಿನ ಅದಕ್ಕಿಂತ ದಪ್ಪದ ಒಂದು ಬೋಲ್ಟು ತಂದುಕೊಟ್ಟರು. ಅಂಗಡಿಯವರ ಲೆಕ್ಕದಲ್ಲಿ ‘ತೀನ್ ಸೂತ್’, ಎಂದರೆ ಅಂಗುಲದ ಎಂಟರಲ್ಲಿ ಮೂರು ಪಾಲು. ಕೊಳವೆಯ ಬಾಯಿಗೆ ಒಂದು ಮರದ ಬಿಲ್ಲೆ ಕೂಡಿಸಿ, ಅದರಲ್ಲಿ ನಟ್ಟು ಬಿಗಿದು, ಬೋಲ್ಟನ್ನು ನಿಧಾನವಾಗಿ ತಿರುಗಿಸುತ್ತ ಹೋದೆವು. ಇಪ್ಪತ್ತು ಸುತ್ತು ತಿರುಗಿಸುವಷ್ಟರಲ್ಲಿ, ಪಕ್ಕದಲ್ಲಿ ಕೂತು ಗಟ್ಟಿಯಾಗಿ ಮಾತಾಡುತ್ತಿದ್ದವರು ಎದ್ದು ಒಳಕೋಣೆಗೆ ಹೋದಂತೆ ಪುಣೆ ಹಿಂದಕ್ಕೆ ಸರಿಯಿತು. ಪೂರಾ ಅಡಗಿತೆಂದು ಹೇಳಲಾರೆವು. ಆದರೆ ಮುಂದೆ ನಿಂತದ್ದು ಧಾರವಾಡ. ಪ್ರದೇಶ ಸಮಾಚಾರ ಪ್ರತಿಯೊಂದು ಅಕ್ಷರವೂ ಕೇಳುವಂತೆ ಬಂತು.

ಅವ್ವ ಒಳಗಿನಿಂದ ಬಂದು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ರೇಡಿಯೋದ ಮುಂದೆ ನೆಲದ ಮೇಲೆ ಕೂತರು. ಮಳೆಯ ಸುದ್ದಿ ಮುಗಿಯುವವರೆಗೆ ಮಾತಿಲ್ಲ. ಆಮೇಲೆ, “ನಮ್ಮ ಕಡೆ ಮಳಿ ಆಗೈತಂತ” ಎಂದು, ಊರಿನಿಂದ ಕಾಗದ ಬಂದವರಂತೆ ನಮಗೆಲ್ಲ ಹೇಳಿದರು.

ಹಿತ್ತಾಳೆ ಮಾಡುವುದೇನು?

ತಂತಿಸುರುಳಿಯಲ್ಲಿ ವಿದ್ಯುತ್ತು ಹಿಂದೆ ಮುಂದೆ ತುಯ್ದಾಡುವಾಗ ಅದರ ಒಳಗೆ ಒಂದು ಕಾಂತಕ್ಷೇತ್ರ ಏಳುತ್ತದೆ, ಬೀಳುತ್ತದೆ. ಬದಲಾಗುತ್ತಿರುವ ಕಾಂತಕ್ಷೇತ್ರ ಪಕ್ಕದ ಲೋಹದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂಬುದನ್ನು ಮೈಕೆಲ್ ಫ್ಯಾರಡೆ ೧೮೩೧ರಲ್ಲಿ ತೋರಿಸಿದ. ಹಾಗೆ ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಬದಲಾವಣೆಗೇ ಎದುರು ನಿಲ್ಲುತ್ತದೆಂಬ ನಿಯಮವನ್ನು ಲೆಂಜ್ ೧೮೩೪ರಲ್ಲಿ ಹೇಳಿದ. ನಮ್ಮ ಬೋಲ್ಟಿನಲ್ಲಿ ಆಗುವುದೂ ಇದೇ. ಹಿತ್ತಾಳೆ ತಾಮ್ರ ಮತ್ತು ಸತುವಿನ ಬೆರಕೆ. ವಿದ್ಯುತ್ತು ಅದರಲ್ಲಿ ಸರಾಗವಾಗಿ ಹರಿಯುತ್ತದೆ, ಅಯಸ್ಕಾಂತಕ್ಕೆ ಅದು ಅಂಟುವುದಿಲ್ಲ. ಅದರ ಮೈಮೇಲೆ ಸುಳಿಯುವ ಪ್ರವಾಹಗಳು ಕಾಂತಕ್ಷೇತ್ರವನ್ನು ಒಳಗೆ ಬಿಡದೆ ಹೊರಗೇ ತಳ್ಳುತ್ತವೆ. ಮೀಡಿಯಂ ವೇವಿನ ಕಂಪನಗಳಲ್ಲಿ ಈ ಪ್ರವಾಹ ಹಿತ್ತಾಳೆಯೊಳಗೆ ಇಳಿಯುವುದು ಒಂದು ಮಿಲಿಮೀಟರಿನ ಏಳನೆಯ ಒಂದು ಪಾಲಿನಷ್ಟೇ.

ಕೋಣೆಯ ನಡುವೆ ದೊಡ್ಡ ಕಂಬ ನಿಲ್ಲಿಸಿದರೆ ಜನ ಕೂಡುವ ಜಾಗ ಕಿರಿದಾಗುತ್ತದಲ್ಲವೇ? ಹಾಗೆಯೇ ಬೋಲ್ಟು ಹೊಕ್ಕಷ್ಟೂ ಕಾಂತಕ್ಷೇತ್ರಕ್ಕೆ ಉಳಿಯುವ ಜಾಗ ಕಡಮೆ. ಆಗ ಸುರುಳಿಯ ಇಂಡಕ್ಟನ್ಸ್ ಇಳಿಯುತ್ತದೆ, ಶ್ರುತಿ ಏರುತ್ತದೆ. ಫೆರೈಟ್ ತುಂಡು ಹಾಕಿದರೆ ಇದಕ್ಕೆ ವಿರುದ್ಧ: ಅದು ಕಾಂತಕ್ಷೇತ್ರವನ್ನು ಬರಮಾಡಿಕೊಳ್ಳುತ್ತದೆ, ಶ್ರುತಿ ಇಳಿಯುತ್ತದೆ. ಫೆರೈಟ್ ಒಳಗೆ ಹೋದರೆ ಇಳಿತ, ಹಿತ್ತಾಳೆ ಒಳಗೆ ಹೋದರೆ ಏರಿಕೆ. ಈ ಒಂದು ಮಾತು ನೆನಪಿದ್ದರೆ ಅರ್ಧ ವಿದ್ಯೆ ಬಂದಂತೆ.

ಕಬ್ಬಿಣ ಏಕೆ ಕೆಡಿಸಿತು? ಇದರ ಉತ್ತರ ಇಂದಿನ ಅಡಿಗೆಮನೆಯಲ್ಲಿದೆ. ಇಂಡಕ್ಷನ್ ಒಲೆಯ ಗಾಜಿನ ಕೆಳಗೂ ಒಂದು ತಂತಿಸುರುಳಿಯೇ ಇರುವುದು. ಅದರ ಮೇಲೆ ಕಬ್ಬಿಣದ ಹೆಂಚಿಟ್ಟರೆ ಕ್ಷಣದಲ್ಲಿ ಕಾಯುತ್ತದೆ. ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆಯಿಟ್ಟರೆ ಒಲೆ ಒಪ್ಪುವುದೇ ಇಲ್ಲ. ಕಬ್ಬಿಣ ಸುರುಳಿಯ ಶಕ್ತಿಯನ್ನು ನುಂಗಿ ಶಾಖ ಮಾಡುತ್ತದೆ. ಒಲೆಗೆ ಅದೇ ಗುಣ, ರೇಡಿಯೋ ಸುರುಳಿಗೆ ಅದೇ ದೋಷ. ಶಕ್ತಿಯನ್ನು ನುಂಗಿದಷ್ಟೂ ಸುರುಳಿಯ ಚುರುಕು ಸತ್ತು, ಪಕ್ಕಪಕ್ಕದ ಕೇಂದ್ರಗಳನ್ನು ಬೇರ್ಪಡಿಸುವ ಶಕ್ತಿ ಹೋಗುತ್ತದೆ. ಹಿತ್ತಾಳೆಯೂ ಸ್ವಲ್ಪ ನುಂಗದೆ ಇರದು, ಆದರೆ ಬಹಳ ಕಡಮೆ.

ಇನ್ನು ಸಣ್ಣ ಬೋಲ್ಟು ಏಕೆ ಸಾಲದಾಯಿತು? ಇಲ್ಲಿ ವ್ಯಾಸದ ವರ್ಗದ ಲೆಕ್ಕ. ಬೋಲ್ಟಿನ ವ್ಯಾಸ ಸುರುಳಿಯ ವ್ಯಾಸದ ಕಾಲು ಭಾಗವಿದ್ದರೆ ಅದು ಆಕ್ರಮಿಸುವ ಜಾಗ ಹದಿನಾರನೆಯ ಒಂದು ಪಾಲು. ಇಂಡಕ್ಟನ್ಸ್ ಹೆಚ್ಚೆಂದರೆ ನೂರಕ್ಕೆ ಆರರಷ್ಟು ಇಳಿದೀತು. ಎಂಟರಲ್ಲಿ ಮೂರು ಪಾಲಿದ್ದರೆ ನೂರಕ್ಕೆ ೧೪. ಇಂಡಕ್ಟನ್ಸ್ ನೂರಕ್ಕೆ ಎರಡು ಇಳಿದರೆ ಶ್ರುತಿ ನೂರಕ್ಕೆ ಒಂದು ಏರುತ್ತದೆ. ೭೬೫ರಿಂದ ೭೯೨ಕ್ಕೆ ಹತ್ತಲು ಇಂಡಕ್ಟನ್ಸ್ ನೂರಕ್ಕೆ ಸುಮಾರು ೭ರಷ್ಟು ಇಳಿಯಬೇಕಾಗಿತ್ತು. ಸಣ್ಣ ಬೋಲ್ಟು ಅದರ ಅಂಚಿಗೆ ಬಂದು ನಿಂತಿತು. ದೊಡ್ಡದು ಅರ್ಧ ದಾರಿಯಲ್ಲೇ ಕೆಲಸ ಮುಗಿಸಿತು. ಬೋಲ್ಟಿನ ಒಂದೊಂದು ಸುತ್ತಿಗೂ ಸರಾಸರಿ ಒಂದೂವರೆ ಕಿಲೋಹರ್ಟ್ಜ್ ಏರಿಕೆ. ತಂಬೂರಿಯಲ್ಲಿ ಬಿರಡೆ ತಿರುಗಿಸಿ ಸ್ಥೂಲವಾಗಿ ಶ್ರುತಿ ಮಾಡಿ, ಆಮೇಲೆ ಮಣಿ ಸರಿಸಿ ಸೂಕ್ಷ್ಮವಾಗಿ ಕೂಡಿಸುವುದಿಲ್ಲವೇ? ಸುತ್ತುಗಳ ಎಣಿಕೆ ಬಿರಡೆಯಂತೆ, ಹಿತ್ತಾಳೆ ತಿರುಪು ಮಣಿಯಂತೆ.

ಮಾಡಿ ನೋಡುವವರಿಗೆ

ಮೀಡಿಯಂ ವೇವಿಗೆ ಹೊಸದಾಗಿ ಸುರುಳಿ ಸುತ್ತುವವರಿಗೆ ಫೆರೈಟ್ ಮೇಲು ಎಂಬುದನ್ನು ಒಪ್ಪಿಕೊಳ್ಳುತ್ತೇವೆ. ಹಿತ್ತಾಳೆ ಹೆಚ್ಚು ಶೋಭಿಸುವುದು ಶಾರ್ಟ್ ವೇವಿನಲ್ಲಿ, ಅದಕ್ಕೂ ಮೇಲಿನ ಕಂಪನಗಳಲ್ಲಿ. ಹಳೆಯ ಟೆಲಿವಿಷನ್ನುಗಳ ಟ್ಯೂನರ್ ಸುರುಳಿಗಳಲ್ಲಿ ಹಿತ್ತಾಳೆ ತಿರುಪು ಇರುತ್ತಿದ್ದುದು ಇದಕ್ಕಾಗಿಯೇ. ಮನೆಯಲ್ಲೇ ರೇಡಿಯೋ ಕಟ್ಟುವ ಹ್ಯಾಮ್ ಹವ್ಯಾಸಿಗಳು ಇಂದಿಗೂ ಇದನ್ನು ಬಿಟ್ಟಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ಈ ಶತಮಾನದ ಮೊದಲ ವರ್ಷಗಳಲ್ಲಿ ರೂಪಿಸಿದ ‘ಬಿಟ್‌ಎಕ್ಸ್’ ಯಂತ್ರದ ಸುರುಳಿಗಳನ್ನು ನಲ್ಲಿಯ ವಾಶರಿನ ಮೇಲೆ ಸುತ್ತುವಂತೆ ಹೇಳಿದ್ದರು. ಪೇಟೆಯಲ್ಲಿ ಸಿಕ್ಕುವ ಸಾಮಾನಿನಿಂದಲೇ ಕೆಲಸ ತೆಗೆಯುವ ಈ ಜಾಣತನ ನಮ್ಮ ಮಾಮಾನ ಜಾಣತನಕ್ಕೆ ಬಳಗವೇ.

೭ ಮೆಗಾಹರ್ಟ್ಜ್ ಹವ್ಯಾಸಿಗಳ ಪಟ್ಟಿಗೆ ಒಂದು ಸುರುಳಿಯ ಲೆಕ್ಕ ಕೊಡುತ್ತೇವೆ. ಅರ್ಧಂಗುಲ ವ್ಯಾಸದ ಪ್ಲಾಸ್ಟಿಕ್ ಕೊಳವೆಯ ಮೇಲೆ ೨೨ನೆಯ ನಂಬರಿನ ಎನಾಮೆಲ್ ತಂತಿಯನ್ನು ಒತ್ತೊತ್ತಾಗಿ ೩೩ ಸುತ್ತು ಸುತ್ತಿದರೆ ಸುಮಾರು ಒಂದಂಗುಲ ಉದ್ದವಾಗುತ್ತದೆ. ೧೦೦ ಪಿಕೋಫ್ಯಾರಡ್ ಕಂಡೆನ್ಸರಿನೊಡನೆ ಅದರ ಶ್ರುತಿ ೬.೭ ಅಥವಾ ೬.೮ ಮೆಗಾಹರ್ಟ್ಜ್ ಬಳಿ ಇದ್ದೀತು. ಬೇಕೆಂದೇ ಹೀಗೆ ಕೆಳಗಿಡುವುದು. ಹಿತ್ತಾಳೆ ಶ್ರುತಿಯನ್ನು ಏರಿಸಬಲ್ಲುದೇ ಹೊರತು ಇಳಿಸಲಾರದು. ೬ ಮಿಲಿಮೀಟರಿನ ಹಿತ್ತಾಳೆ ತಿರುಪನ್ನು ಒಳಗೆ ಬಿಡುತ್ತ ಹೋದರೆ ಒಂದು ಸುತ್ತಿಗೆ ಸುಮಾರು ೩೦ ಕಿಲೋಹರ್ಟ್ಜ್‌ನಂತೆ ಏರಿ ೭.೧ ತಲುಪುತ್ತದೆ. ಇಂಥ ಎರಡು ಸುರುಳಿಗಳನ್ನು ೩ ಅಥವಾ ೪ ಪಿಕೋಫ್ಯಾರಡಿನ ಪುಟ್ಟ ಕಂಡೆನ್ಸರಿನಿಂದ ಜೋಡಿಸಿದರೆ ಬೇಕಾದ ಪಟ್ಟಿಯನ್ನಷ್ಟೇ ಒಳಗೆ ಬಿಡುವ ಫಿಲ್ಟರ್ ಆಗುತ್ತದೆ. ಒಂದನ್ನು ತಿರುಗಿಸಿ ದನಿ ಹೆಚ್ಚಿಸಿ, ಇನ್ನೊಂದನ್ನು ತಿರುಗಿಸಿ, ಮತ್ತೆ ಮೊದಲನೆಯದಕ್ಕೆ ಬರಬೇಕು. ಎರಡು ಮೂರು ಸಲ ಹೀಗೆ ಮಾಡಿದರೆ ಜೋಡಿ ಒಂದಾಗುತ್ತದೆ.

ಅನುಭವದಿಂದ ಕಲಿತ ಕೆಲವು ಮಾತುಗಳು:

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತವಿರಲಿ. ಹಿತ್ತಾಳೆಯ ಬಣ್ಣದ ಲೇಪ ಕೊಟ್ಟ ಕಬ್ಬಿಣದ ತಿರುಪುಗಳು ಬಹಳ. ಅಂಟಿದರೆ ಅದು ಹಿತ್ತಾಳೆಯಲ್ಲ.

ನಟ್ಟೂ ಹಿತ್ತಾಳೆಯದೇ ಇರಲಿ. ಹಿತ್ತಾಳೆಗೆ ಬೆಸುಗೆ ಚೆನ್ನಾಗಿ ಹಿಡಿಯುವುದರಿಂದ ಅದನ್ನು ತಾಮ್ರದ ಹಲಗೆಗೆ ಬೆಸೆದು ಅರ್ತಿಗೆ ಸೇರಿಸಬಹುದು. ಆಗ ಕೈ ಹತ್ತಿರ ತಂದಾಗ ಶ್ರುತಿ ಅಲುಗುವುದಿಲ್ಲ.

ಅರ್ತಿಗೆ ಸೇರಿಸದ ತಿರುಪನ್ನು ಉಕ್ಕಿನ ಸ್ಕ್ರೂಡ್ರೈವರಿನಿಂದ ತಿರುಗಿಸಬೇಡಿ; ಕೈ ತೆಗೆದ ಕೂಡಲೇ ಶ್ರುತಿ ಬೇರೆಯಾಗುತ್ತದೆ. ಬಿದಿರಿನ ಕಡ್ಡಿಯನ್ನೋ ಪ್ಲಾಸ್ಟಿಕ್ ಹೆಣಿಗೆಕಡ್ಡಿಯನ್ನೋ ಚಪ್ಪಟೆಯಾಗಿ ಕೆತ್ತಿ ಬಳಸಿ.

ಶ್ರುತಿ ಕೂಡಿದ ಮೇಲೆ ಇನ್ನೊಂದು ನಟ್ಟು ಬಿಗಿದು ತಿರುಪನ್ನು ಸ್ಥಿರಗೊಳಿಸಿ. ಅದು ಸಡಿಲವಾಗಿ ಅಲುಗಿದರೆ ದನಿಯೂ ಅಲುಗುತ್ತದೆ.

ಹಳೆಯ ವಾಲ್ವ್ ರೇಡಿಯೋದ ಹಿಂಬದಿಯನ್ನು ತೆರೆಯುವ ಗೋಜಿಗೆ ಮಕ್ಕಳು ಹೋಗಕೂಡದು. ಒಳಗೆ ನೂರಾರು ವೋಲ್ಟು. ಕೆಲವು ರೇಡಿಯೋಗಳಲ್ಲಿ ತಗಡಿನ ಚಾಸಿಗೇ ಮನೆಯ ಕರೆಂಟು ಬರುತ್ತದೆ. ನಮ್ಮ ಟ್ರ್ಯಾಪು ಏರಿಯಲ್ ತಂತಿಯಲ್ಲಿ, ಹೊರಗೇ ಇತ್ತು. ಹಾಗೆಯೇ, ಕೇಳುವ ರೇಡಿಯೋವಿಗೆ ಈಗ ಲೈಸೆನ್ಸು ಬೇಡವಾದರೂ, ಹ್ಯಾಮ್ ಆಗಿ ಪ್ರಸಾರ ಮಾಡಲು ಸರಕಾರದ ಪರೀಕ್ಷೆ ಮತ್ತು ಲೈಸೆನ್ಸು ಬೇಕು.

ಅಡ್ಡಗೋಡೆಗೊಂದು ಬಾಗಿಲು

ಕಥೆ ಅಲ್ಲಿಗೇ ಮುಗಿಯಲಿಲ್ಲ. ಒಂದು ತಿಂಗಳು ಕಳೆದಿರಬೇಕು. ಪಕ್ಕದ ಮನೆಯ ರೇಡಿಯೋದಲ್ಲಿ ಪುಣೆ ಕೇಂದ್ರದಿಂದ ಭೀಮಸೇನ ಜೋಶಿಯವರ ಅಭಂಗ ಬರುತ್ತಿತ್ತು. ಗದಗಿನವರು ಪುಣೆಯಲ್ಲಿ ನೆಲೆಸಿ ಮರಾಠಿ ಅಭಂಗ ಹಾಡುವಾಗ ಅವ್ವ ಯಾವ ಕಡೆಯವರಾಗಬೇಕು? ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ ಒಳಗೆ ಬಂದು, “ಲೇ, ಆ ನಿನ್ನ ಗ್ವಾಡಿ ಒಂದೀಟು ತಗಿಯಪಾ” ಎಂದರು. ಮರುದಿನವೇ ಟ್ರ್ಯಾಪಿಗೆ ಒಂದು ಸಣ್ಣ ಸ್ವಿಚ್ಚು ಹಾಕಿದೆವು. ಒಂದು ಕಡೆ ಒತ್ತಿದರೆ ಧಾರವಾಡ, ಇನ್ನೊಂದು ಕಡೆ ಒತ್ತಿದರೆ ಪುಣೆ. ಅದನ್ನು ಎತ್ತ ಒತ್ತಬೇಕೆಂಬುದು ಅವ್ವನ ಅಧಿಕಾರ. ಕೊನೆಕೊನೆಗೆ ಎರಡೂ ಕಡೆ ಸಮಪಾಲು ನಡೆಯುತ್ತಿತ್ತು. ನೆರೆಯ ಆಜಿಬಾಯಿ ಬಂದು ಕೂತರೆ ಪುಣೆಯ ಪಾಲು ಒಂದು ಹೆಚ್ಚು.

ಅವ್ವ ಈಗಿಲ್ಲ. ಆ ರೇಡಿಯೋವೂ ಇಲ್ಲ. ಆಕಾಶವಾಣಿಯ ಕನ್ನಡ ಇಂದು ಮೊಬೈಲಿನಲ್ಲಿ, ಯಾವ ಊರಿನಲ್ಲಿದ್ದರೂ ಕರಕರ ಸದ್ದಿಲ್ಲದೆ ಕೇಳುತ್ತದೆ. ಅದೇ ಮೊಬೈಲಿನ ಗೋಪುರಗಳಲ್ಲಿ ಅಲೆಗಳನ್ನು ಸೋಸುವ ಎಷ್ಟೋ ಲೋಹದ ಫಿಲ್ಟರುಗಳನ್ನು ಇಂದಿಗೂ ತಿರುಪು ತಿರುಗಿಸಿಯೇ ಶ್ರುತಿ ಕೂಡಿಸುವುದೆಂದು ತಿಳಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ.

ಕಳೆದ ರಜೆಯಲ್ಲಿ ಮೊಮ್ಮಗ ತಗಡಿನ ಡಬ್ಬಿಯನ್ನು ಬೋರಲು ಹಾಕಿ ಆ ಬೋಲ್ಟನ್ನು ಎತ್ತಿ ಹಿಡಿದು, “ಅಜ್ಜಾ, ಇದು ಯಾವುದರದು?” ಎಂದು ಕೇಳಿದ. ಹೇಳಿದೆವು. ಅವನು ನಂಬಲಿಲ್ಲ. ಹಾಗಾದರೆ ಸುತ್ತಿ ನೋಡೋಣವೆಂದು ತಂತಿ ತಂದು ಇಬ್ಬರೂ ಕೂತೆವು. ಈ ಸಲ ಸುತ್ತುಗಳನ್ನು ಅವನು ಎಣಿಸಿದ, ಕನ್ನಡದಲ್ಲಿ, ಒಂದರಿಂದ ನೂರ ನಲವತ್ತರ ತನಕ. ನಡುವೆ ಊಟಕ್ಕೆ ಕರೆದರೂ ನಾವು ಏಳಲಿಲ್ಲ.